ಅತ್ತೆ ಆರಿಸಿದ ಅಗ್ಗಿಷ್ಟಿಕೆ

ಮುಂಬೈಯ ಚಳಿ ಎಂದರೆ ಫ್ಯಾನನ್ನು ಒಂದು ಪಾಯಿಂಟ್ ಇಳಿಸುವಷ್ಟು. ಅಷ್ಟಕ್ಕೇ ನಮ್ಮತ್ತೆ ಎರಡು ಶಾಲು ಹೊದ್ದು, "ನಾನು ಮೈಸೂರಿಗೆ ಹೋಗಿಬಿಡ್ತೀನಿ" ಎಂದು ಹಟ ಹಿಡಿದರು. ಅವರು ಹೋದರೆ ದಿನವಿಡೀ ಮಾತಾಡಲು ನನಗೂ ಮಗುವಿಗೂ ಗೋಡೆಯೇ ಗತಿ. ಆಂಟಾಪ್ ಹಿಲ್‌ನ ನಮ್ಮ ಮನೆಯ ಹಿಂದಿನ ಪುಟ್ಟ ಅಂಗಳಕ್ಕೆ ಒಂದು ಅಗ್ಗಿಷ್ಟಿಕೆ ತರೋಣವೆಂದು ಅವರನ್ನು ಧಾರಾವಿಯ ಕುಂಬಾರರ ಗಲ್ಲಿಗೆ ಕರೆದೊಯ್ದೆ.

ಹೂಬಳ್ಳಿ ಕೊರೆದ ಎತ್ತರದ್ದೊಂದನ್ನು ತೋರಿಸಿದೆ. "ಇದು ಶೋಕೇಸಿಗೆ" ಎಂದ ಅತ್ತೆ, ಗಲ್ಲಿಯ ನಡುವೆಯೇ ಒಂದು ತಗ್ಗಾದ, ಅಗಲದ ಅಗ್ಗಿಷ್ಟಿಕೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅಂಗೈ ಚಾಚಿದರು. ಹಿಂದೆ ಟೆಂಪೊ ಹಾರ್ನ್ ಹೊಡೆಯತೊಡಗಿತು.

"ಮಾಜೀ, ಅದರಲ್ಲಿ ಬೆಂಕಿಯೇ ಇಲ್ಲ" ಎಂದು ಅಂಗಡಿಯವಳು ಹಿಂದಿಯಲ್ಲಿ ಹೇಳಿ ನಕ್ಕಳು.

"ಏಳಿ ಅತ್ತೆ, ಮರ್ಯಾದೆ ಹೋಗ್ತಿದೆ."

"ಸುಮ್ನಿರೆ. ನೀನೂ ಎದುರಿಗೆ ಕೂತ್ಕೊ. ನಿನ್ನ ಮುಖ ಕಾಣುತ್ತೋ ಇಲ್ವೋ ನೋಡ್ಬೇಕು."

ಮಗುವನ್ನು ಎತ್ತಿಕೊಂಡೇ ಕೂತೆ. ಮುಖ ಕಂಡಿತು, ಅದನ್ನೇ ಕೊಂಡೆವು.

ಚಳಿ ಹೋಗಿ ತಿಂಗಳಾಯಿತು, ಮೈಸೂರಿನ ಸುದ್ದಿಯೇ ಇಲ್ಲ. ಈಗಲೂ ಸಂಜೆ ಅಗ್ಗಿಷ್ಟಿಕೆ ಹೊತ್ತಿಸಿ, ಎದುರುಬದುರು ಕೂತು ಬೆವರು ಒರೆಸಿಕೊಳ್ಳುತ್ತೇವೆ. ನಡುವೆ ಟೇಬಲ್ ಫ್ಯಾನ್ ಇಡಬಹುದಿತ್ತು, ಆದರೆ ಮುಖ ಮರೆಯಾಗುತ್ತದಂತೆ.