ಹೊಸೂರು ಕಚೇರಿಯಲ್ಲಿ ನನ್ನ ವಯಸ್ಸು

ಇಪ್ಪತ್ತು ವರ್ಷದ ಹೆಂಗಸೊಬ್ಬಳು ಸರಕಾರಿ ಕಚೇರಿಯ ನಡುವೆ ನಿಂತು, ಬಲಗೈಯನ್ನು ನೆತ್ತಿಯ ಮೇಲಿಂದ ಬಳಸಿ ಎಡಗಿವಿಯನ್ನು ಮುಟ್ಟಿ ತೋರಿಸುವುದನ್ನು ನೀವು ಯಾರಾದರೂ ಕಂಡಿದ್ದೀರಾ? ನಾನು ತೋರಿಸಿದ್ದೇನೆ. ಹೊಸೂರಿನಲ್ಲಿ, ಮಟಮಟ ಮಧ್ಯಾಹ್ನ, ಐದು ಜನ ಗಂಡಸರ ಮುಂದೆ. ನಮ್ಮ ತುರುವೇಕೆರೆ ಕಡೆ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಮೇಷ್ಟರು ಹೀಗೆ ಮಾಡಿಸುತ್ತಾರೆ; ಕೈ ಕಿವಿಗೆ ಎಟುಕಿದರೆ ಮಗು ಶಾಲೆಯ ವಯಸ್ಸಿಗೆ ಬಂತೆಂದು ಲೆಕ್ಕ. ಇಲ್ಲಿಯೂ ಅದೇ ಪದ್ಧತಿಯಂತೆ. ನನ್ನ ವಯಸ್ಸಿಗೆ ಪುರಾವೆ ಏನು ಎಂಬ ಮಾತು ಬಂದಾಗ ಅಲ್ಲಿನ ಮುದುಕ ಗುಮಾಸ್ತರು, "ಎಲ್ಲಿ, ಕಿವಿ ಮುಟ್ಟಮ್ಮ ನೋಡಾನ" ಎಂದರು. ತಮಾಷೆಗೆ ಅಂದದ್ದೆಂದು ತಿಳಿಯುವಷ್ಟರಲ್ಲಿ ನಾನು ಮುಟ್ಟಿಬಿಟ್ಟಿದ್ದೆ. ಎಲ್ಲರೂ ನಕ್ಕರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ನನಗೆ.

ನಾನು ಈ ಸೀಮೆಗೆ ಬಂದದ್ದು ಅದಕ್ಕೆ ಎರಡು ವರ್ಷ ಮೊದಲು, ಯುದ್ಧದ ಕಾಲದಲ್ಲಿ, ಹೊಸೂರಿನ ಹತ್ತಿರದ ಬೇರಿಕೆಯ ಸೊಸೆಯಾಗಿ. ಮೈಸೂರು ಸೀಮೆ ಬಿಟ್ಟು ಮದರಾಸು ಸರಕಾರದ ನೆಲಕ್ಕೆ ಹೋಗುತ್ತಾಳೆಂದು ನಮ್ಮೂರ ಹೆಂಗಸರು ನಾನು ಸಮುದ್ರ ದಾಟುವವಳೇನೋ ಎಂಬಂತೆ ಅತ್ತಿದ್ದರು. ಬಂದು ನೋಡಿದರೆ ಅದೇ ರಾಗಿ, ಅದೇ ಕೆಂಪು ಮಣ್ಣು, ಅದೇ ಹುಣಸೆಮರದ ನೆರಳು. ಆದರೆ ನಮ್ಮಲ್ಲಿ ತೆಂಗಿನಕಾಯಿ ಅರೆಯದೆ ಸಾರಿಲ್ಲ. ಇಲ್ಲಿ ಹುಚ್ಚೆಳ್ಳು ಹುರಿದು ಕುಟ್ಟಿದ ಪುಡಿಯಲ್ಲೇ ಊಟ ಮುಗಿಯುತ್ತದೆ. ಮೊದಲ ತಿಂಗಳು ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ನಮ್ಮಲ್ಲಿ ಎಲ್ಲರ ಜೊತೆಗೂ ಒಂದೇ ಮಾತು. ಇಲ್ಲಿಯವರು ದನಕ್ಕೂ ದೇವರಿಗೂ ಕನ್ನಡ, ಪಕ್ಕದ ಮನೆಗೆ ತೆಲುಗು, ಕಚೇರಿಗೆ ತಮಿಳು ಎಂದು ಹಂಚಿಕೊಂಡುಬಿಟ್ಟಿದ್ದಾರೆ. ಕಚೇರಿಯಲ್ಲಿ ನಾನು ಮೊದಲು ಕಲಿತ ತಮಿಳು ಮಾತು "ನಾಳೆಕ್ಕಿ ವಾಂಗ". ನಾಳೆ ಬನ್ನಿ ಎಂದು ಅರ್ಥ. ಅದನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಈಗ ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ.

ಮದುವೆಯಾದ ಒಂದೂವರೆ ವರ್ಷಕ್ಕೆ ನಮ್ಮ ಯಜಮಾನರು ವಿಷಮಜ್ವರದಲ್ಲಿ ಹೋಗಿಬಿಟ್ಟರು. ಉಳಿದವರು ನಾನು ಮತ್ತು ಅವರ ತಾಯಿ ಮುನಿತಾಯಮ್ಮ. ಮೈದುನ ಭಾವಂದಿರು ಯಾರೂ ಇಲ್ಲ. ದಾಯಾದಿಗಳು ಮಾತ್ರ ಬಾಗಿಲಿಗೆ ಬಂದು, "ಪಾಪ, ಚಿಕ್ಕ ಹುಡುಗಿ, ತೌರಿಗೆ ಕಳಿಸ್ಬುಡು" ಎಂದು ದಿನಾ ಹೇಳುತ್ತಿದ್ದರು. ತೌರಿನಲ್ಲಿ ಮೂವರು ಅತ್ತಿಗೆಯರಿದ್ದಾರೆ. ಅಲ್ಲಿಗೆ ಹೋದರೆ ಒಲೆಯ ಮುಂದೆ ಕೂತವಳು ಏಳುವುದು ಹೆಣವಾಗಿಯೇ ಎಂದು ನನಗೆ ಗೊತ್ತಿತ್ತು. ಅತ್ತೆಮ್ಮನಿಗೂ ಗೊತ್ತಿತ್ತು. "ನನ್ ಮಗ ಹೋದ. ನೀನೂ ಹೋಗ್ಬುಟ್ರೆ ನಾನು ಯಾರ್ ಮಕ ನೋಡ್ಲಿ ಮಗಾ?" ಎಂದು ನನ್ನ ತಲೆ ಬಾಚುತ್ತ ಅನ್ನುತ್ತಿದ್ದರು. ಹೆತ್ತ ತಾಯಿಯೂ ನನ್ನನ್ನು ಹಾಗೆ ಕೂರಿಸಿಕೊಂಡು ತಲೆ ಬಾಚಿದವಳಲ್ಲ.

ಅಷ್ಟರಲ್ಲಿ ಬೇರಿಕೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆಯುವ ಸುದ್ದಿ ಬಂತು. ಕನ್ನಡ ಓದುಬರಹ ಬಲ್ಲ ಹೆಂಗಸು ಬೇಕಂತೆ. ಅಪ್ಪನ ಹುಚ್ಚಿನಿಂದ ನಾನು ಎಂಟನೆಯ ತರಗತಿ ಮುಗಿಸಿದ್ದೆ. ಕೆಲಸ ಸಿಕ್ಕರೆ ದಾಯಾದಿಗಳ ಬಾಯಿ ಮುಚ್ಚುತ್ತದೆ, ನಾನು ಈ ಮನೆಯಲ್ಲೇ ಉಳಿಯಬಹುದು. ಇದ್ದಿಲ ಗ್ಯಾಸಿನ ಬಸ್ಸು ಹತ್ತಿ, ಮುಖಕ್ಕೆಲ್ಲ ಮಸಿ ಮೆತ್ತಿಸಿಕೊಂಡು, ಅತ್ತೆ ಸೊಸೆ ಹೊಸೂರಿಗೆ ಹೋದೆವು. ಕೆಲಸಕ್ಕೆ ಹದಿನೆಂಟು ತುಂಬಿರಬೇಕು, ಅದಕ್ಕೆ ಅತ್ತಾಟ್ಚಿ ಬೇಕು ಎಂದರು ಕಚೇರಿಯವರು. ಅತ್ತಾಟ್ಚಿ ಎಂದರೆ ಪುರಾವೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆಮ್ಮ ಮಡಿಲಿನಿಂದ ಜಾತಕ ತೆಗೆದು ಮೇಜಿನ ಮೇಲೆ ಇಟ್ಟರು. ಮದುವೆಯ ದಿನ ಗಂಡಿನ ಜಾತಕಕ್ಕೂ ಹೆಣ್ಣಿನ ಜಾತಕಕ್ಕೂ ಅರಿಸಿನದ ದಾರ ಸುತ್ತಿ ದೇವರ ಗೂಡಿನಲ್ಲಿ ಇಡುವುದು ಆ ಮನೆಯ ವಾಡಿಕೆ. ಆ ದಾರ ಬಿಚ್ಚಿ ನನ್ನದನ್ನು ತಂದಿದ್ದರು, ಪಾಪ, ಓದು ಬಾರದವರು. "ಜಾತಕಕ್ಕಿಂತ ಇನ್ನೇನ್ ಬೇಕು ಸಾಮಿ?" ಎಂದು ಹೆಮ್ಮೆಯಿಂದ ಕೇಳಿದರು.

ಗುಮಾಸ್ತರು ಬೆರಳು ಮಡಿಚಿ ಎಣಿಸಿ, "ಇದ್ರಾಗೆ ಹದಿನೇಳೇ ಆಗೋದು" ಎಂದರು.

ಆ ಜಾತಕ ಸುಳ್ಳು.

ಇದನ್ನು ನಿಮಗೆ ಬಿಡಿಸಿ ಹೇಳಬೇಕು. ಎಂಟನೆಯ ತರಗತಿ ಓದಿದ ಹೆಣ್ಣನ್ನು ನಮ್ಮ ಜನದಲ್ಲಿ ಯಾರೂ ಕೇಳಿಕೊಂಡು ಬರಲಿಲ್ಲ. ಬಂದ ಒಂದೇ ಸಂಬಂಧ ಬೇರಿಕೆಯದು. ಹುಡುಗನಿಗೆ ಹದಿನೇಳು. ನನಗೆ ಹದಿನೆಂಟು. ಗಂಡಿಗಿಂತ ಹೆಣ್ಣು ದೊಡ್ಡವಳಾದರೆ ಗಂಡಿನ ಆಯುಸ್ಸು ಕುಗ್ಗುತ್ತದೆ ಎನ್ನುವುದು ಅಲ್ಲಿಯೂ ಇಲ್ಲಿಯೂ ಒಂದೇ ನಂಬಿಕೆ. ನೋಡಿ, ಇಂಥದ್ದಕ್ಕೆ ಮಾತ್ರ ಗಡಿ ಇಲ್ಲ. ಅಪ್ಪ ಜೋಯಿಸರನ್ನು ಕರೆಸಿ ಮೂರು ವರ್ಷ ಕಡಿಮೆ ಮಾಡಿ ಹೊಸ ಜಾತಕ ಬರೆಸಿದರು. "ಯಾರಾದ್ರೂ ಕೇಳಿದ್ರೆ ಹದಿನೈದು ಅನ್ನು, ಬಾಯಿ ಬಿಡಬೇಡ" ಎಂದು ಅಮ್ಮ ಹೇಳಿಕೊಟ್ಟಳು. ನಾನು ಬಾಯಿ ಬಿಡಲಿಲ್ಲ. ನನ್ನ ಅಪ್ಪ ಏನಾಗಿದ್ದರು ಗೊತ್ತೇ? ಊರಿನ ಪಟೇಲರು. ಊರಲ್ಲಿ ಹುಟ್ಟಿದವರ, ಸತ್ತವರ ಪುಸ್ತಕ ಬರೆಯುವುದೇ ಅವರ ಕೆಲಸ. ಊರವರೆಲ್ಲರ ಮಕ್ಕಳ ಹುಟ್ಟನ್ನು ಸರಿಯಾಗಿ ಬರೆದ ಕೈ ಅದು. ನನ್ನ ಹುಟ್ಟನ್ನೂ ಆ ಪುಸ್ತಕದಲ್ಲಿ ಸರಿಯಾಗಿಯೇ ಬರೆದಿತ್ತು.

ಕಿವಿ ಮುಟ್ಟಿಸಿದ್ದು ಆಗಲೇ. ನಗು ಮುಗಿದ ಮೇಲೆ, ಜಾತಕವನ್ನು ಅವರೇ ಇಟ್ಟುಕೊಂಡು, ಬೇರೆ ಪುರಾವೆ ಇದ್ದರೆ ತನ್ನಿ ಎಂದರು. ಬಸ್ಸಿನಲ್ಲಿ ಅತ್ತೆಮ್ಮ, "ಒಂದ್ ವರ್ಸಕ್ಕೆ ಇಷ್ಟೊಂದ್ ಮಾಡ್ತಾರಲ್ಲ, ಇವ್ರ ಮನೆ ಹಾಳಾಗ" ಎಂದು ಬೈಯುತ್ತಲೇ ಇದ್ದರು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಹೇಳಿದರೆ ನನ್ನ ಮಗನನ್ನು ತಿಂದವಳು ನೀನು ಎನ್ನುತ್ತಾರೆ. ಹೇಳದಿದ್ದರೆ ಕೆಲಸವಿಲ್ಲ, ಒಂದಲ್ಲ ಒಂದು ದಿನ ತೌರಿನ ಗಾಡಿ ಬಂದು ನಿಲ್ಲುತ್ತದೆ.

ಕೊನೆಗೆ ಅಪ್ಪನಿಗೆ ಕಾಗದ ಬರೆದೆ. ಪುಸ್ತಕದ ನಕಲು ಕಳಿಸಿ ಎಂದಷ್ಟೇ ಬರೆದೆ; ಯಾಕೆಂದು ಬರೆಯಲಿಲ್ಲ. ಒಂದು ತಿಂಗಳ ಮೇಲೆ ನಕಲು ಬಂತು. ಅಪ್ಪನದೇ ದುಂಡು ಅಕ್ಷರ, ಅಪ್ಪನದೇ ರುಜು. ಜೊತೆಗೆ ಒಂದು ಚೀಟಿ: "ಕಚೇರಿಯವರಿಗೆ ತೋರಿಸು. ನಿಮ್ಮ ಅತ್ತೆಗೆ ತೋರಿಸಬೇಡ." ಆ ಚೀಟಿಯನ್ನು ಒಲೆಗೆ ಹಾಕಿದೆ. ಅಪ್ಪನ ಮೇಲೆ ನನಗೆ ಆಗ ಬಂದ ಸಿಟ್ಟು ಇವತ್ತಿಗೂ ಆರಿಲ್ಲ.

ಒಬ್ಬಳೇ ಹೋಗಿಬರುತ್ತೇನೆ ಎಂದೆ. ಅತ್ತೆಮ್ಮ ಕೇಳಲಿಲ್ಲ. "ಒಂಟಿ ಹೆಂಗ್ಸು ಆ ಗಂಡಸ್ರ ನಡುವೆ ಹೆಂಗ್ ನಿಲ್ತೀಯಾ? ನಾನೂ ಬತ್ತೀನಿ ನಡಿ" ಎಂದು ನನಗಿಂತ ಮುಂಚೆ ಸೀರೆ ಉಟ್ಟು ನಿಂತಿದ್ದರು.

ಆ ದಿನ ಸಾಹೇಬರೇ ಇದ್ದರು. ತಮಿಳರು, ಒಳ್ಳೆಯವರು, ದನಿ ಎತ್ತಿದವರಲ್ಲ. ಒಂದು ಕೈಯಲ್ಲಿ ಜಾತಕ, ಇನ್ನೊಂದು ಕೈಯಲ್ಲಿ ನಕಲು ಹಿಡಿದು, "ಎರಡು ಕಾಗದಾನೂ ಒಬ್ಬರದೇ. ಒಂದು ಸುಳ್ಳು. ಯಾವುದು?" ಎಂದರು. ಬೇರೆ ಸರಕಾರದ ಪುಸ್ತಕವನ್ನು ತಾನು ಹೇಗೆ ನಂಬಲಿ, ಮನೆಯ ಹಿರಿಯರು ಹೇಳಿ ಹೆಬ್ಬೆಟ್ಟು ಒತ್ತಿದರೆ ಮಾತ್ರ ಆದೀತು ಎಂದರು. ಮನೆಯ ಹಿರಿಯರು ಬಾಗಿಲ ಬಳಿಯೇ ನಿಂತಿದ್ದರಲ್ಲ. ಗುಮಾಸ್ತರು ಅವರನ್ನು ಒಳಕ್ಕೆ ಕರೆದು ನಕಲನ್ನು ಗಟ್ಟಿಯಾಗಿ ಓದಿದರು. ಪಟೇಲರ ಎರಡನೆಯ ಮಗಳು ರಂಗಮ್ಮ, ಹುಟ್ಟಿದ ವರ್ಷ ಇಂಥದ್ದು. ಓದಿ, "ಇದರಂಗೆ ನಿಮ್ ಸೊಸೆಗೆ ಇಪ್ಪತ್ತು" ಎಂದರು.

ಅತ್ತೆಮ್ಮ ನನ್ನ ಕಡೆ ತಿರುಗಿದರು. "ಮಗಾ, ನಿಜ ಹೇಳು."

ನಾನು ನೆಲ ನೋಡಿಕೊಂಡು, "ಆ ನಕಲೇ ನಿಜ ಅತ್ತೆಮ್ಮ" ಎಂದೆ.

ಆ ಹೊತ್ತಿನಲ್ಲಿ ಅವರು ಇಲ್ಲ ಎಂದಿದ್ದರೂ ಸರಿಯೇ, ನನ್ನ ಕೆನ್ನೆಗೆ ಹೊಡೆದಿದ್ದರೂ ಸರಿಯೇ. ಆದರೆ ಅವರು ಮೇಜಿನ ಹತ್ತಿರ ಹೋಗಿ ಎಡಗೈ ಚಾಚಿದರು. "ಅವ್ಳು ಹೇಳಿದ್ದೇ ದಿಟ ಸಾಮಿ. ಬರ್ಕಳ್ಳಿ" ಎಂದು ಹೆಬ್ಬೆಟ್ಟು ಒತ್ತಿದರು. ಸಾಹೇಬರು ಜಾತಕವನ್ನು ಅವರ ಕೈಗೇ ಹಿಂದಿರುಗಿಸಿದರು. ನನಗೆ ಕೆಲಸ ಸಿಕ್ಕಿತು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಹುಣಸೆಮರದ ಬುಡದಲ್ಲಿ ಕೂತೆವು. ಅತ್ತೆಮ್ಮ ಹೆಬ್ಬೆಟ್ಟಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡರು. ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದರು:

"ಅಂಗಾರೆ ನಾವು ನನ್ ಮಗನ್ ಜೊತೆಗೆ ಕೂಡ್ಸಿದ್ದು ಯಾರ್ ಜಾತಕಾನಮ್ಮಾ?"

ಬಸ್ಸು ಬಂತೇನೋ ನೋಡುತ್ತೇನೆಂದು ನಾನು ಎದ್ದು ರಸ್ತೆಯ ಕಡೆ ಹೋದೆ.

ಈಗ ನಾನು ಬೇರಿಕೆಯ ಶಾಲೆಯಲ್ಲಿ ಹುಡುಗಿಯರಿಗೆ ಅಕ್ಷರ ಕಲಿಸುತ್ತೇನೆ. ಹೊಸದಾಗಿ ಬಂದವರಿಗೆ ಕಿವಿ ಮುಟ್ಟಿಸುವಾಗ ಯಾರನ್ನೂ ನಗಲು ಬಿಡುವುದಿಲ್ಲ. ಅಪ್ಪ, ಕಷ್ಟವಾದರೆ ಊರಿಗೆ ಬಂದುಬಿಡು ಎಂದು ಬರೆಯುತ್ತಾರೆ. ಆ ಊರಿನ ಪುಸ್ತಕದಲ್ಲಿ ನಾನಿದ್ದೇನೆ, ಮನೆಯಲ್ಲಿ ನನಗೆ ಜಾಗವಿಲ್ಲ. ಇಲ್ಲಿ ಮನೆಯಿದೆ. ಅತ್ತೆಮ್ಮ ಬೆಳಿಗ್ಗೆ ಬುತ್ತಿ ಕಟ್ಟಿಕೊಡುತ್ತಾರೆ, ಸಂಜೆ ತಡವಾದರೆ ಬಾಗಿಲಲ್ಲಿ ಕಾಯುತ್ತಾರೆ. ತಲೆ ಮಾತ್ರ ನಾನೇ ಬಾಚಿಕೊಳ್ಳುತ್ತೇನೆ. ದೇವರ ಗೂಡಿನಲ್ಲಿ ಈಗ ಅವರ ಮಗನ ಜಾತಕವೊಂದೇ ಇದೆ. ನನ್ನದನ್ನು ಹೊಸೂರಿನಿಂದ ಬಂದ ಮರುದಿನವೇ ಅರಿಸಿನದ ದಾರದ ಸಮೇತ ನನ್ನ ಪೆಟ್ಟಿಗೆಯ ಮೇಲೆ ಇಟ್ಟಿದ್ದರು.