ಫೋಟೋದ ಕೆಳಗಿನ ಹೆಸರು

ಸೀರೆ ಉಡಿಸುವುದು ನನ್ನ ಕೆಲಸ. ಮದುವೆ ಹೆಣ್ಣುಗಳಿಗೆ, ನಿಶ್ಚಿತಾರ್ಥಕ್ಕೆ ಕೂರುವವರಿಗೆ, ವರ್ಷಕ್ಕೊಮ್ಮೆ ಆಫೀಸಿನ ಹಬ್ಬಕ್ಕೆ ಸೀರೆ ಉಡುವ ಇಂದಿರಾನಗರದ ಹುಡುಗಿಯರಿಗೆ, ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿಯ ಕಳಶಕ್ಕೆ. ಊರಿನವರನ್ನೆಲ್ಲ ಕ್ಯಾಮೆರಾ ಮುಂದೆ ನಿಲ್ಲಲು ತಯಾರು ಮಾಡಿ ಕಳಿಸುವವಳು ನಾನು. ನನ್ನದೇ ಫೋಟೋಗಳನ್ನು ಮಾತ್ರ ಒಂದು ವರ್ಷ ಫೋನಿನಲ್ಲಿ ಬಚ್ಚಿಟ್ಟುಕೊಂಡು ಕೂತಿದ್ದೆ.

ನಮ್ಮದು ಗರುಡಾಚಾರ್‌ಪಾಳ್ಯದ ಹಳೇ ಮನೆತನ. ನಾನು ಸೊಸೆಯಾಗಿ ಬರುವ ಹೊತ್ತಿಗೆ ರಾಗಿ ಹೊಲವೆಲ್ಲ ಶೆಡ್ಡು, ಗೋಡೌನು ಆಗಿತ್ತು. ಉಳಿದ ತುಂಡು ಜಾಗದಲ್ಲಿ ಮಾವನವರು ಬಾಡಿಗೆ ಮನೆ ಕಟ್ಟಿಸಿದ್ದರು. ಬಾಡಿಗೆಗೆ ಇರುವವರಲ್ಲಿ ಹೆಚ್ಚಿನವರು ಕಲಬುರಗಿ, ಯಾದಗಿರಿ ಕಡೆಯವರು. ಮೇಲಿನ ಮಹಡಿಯ ಮೂಲೆ ಕೋಣೆಗೆ ಒಬ್ಬ ಹುಡುಗಿ ಬಂದಳು. ಕಲಬುರಗಿಯ ಹತ್ತಿರದ ಹಳ್ಳಿಯವಳು, ಮದುವೆ ಸ್ಟುಡಿಯೋ ಒಂದರಲ್ಲಿ ಆಲ್ಬಂ ಡಿಸೈನ್ ಮಾಡುತ್ತಿದ್ದಳು. ರೊಟ್ಟಿ ಮಾಡಿದ ದಿನ ನಾಲ್ಕು ರೊಟ್ಟಿ ಕೆಳಗೆ ತಂದು ಕೊಡುವಳು, ನಾನು ಸಾರು ಕೊಟ್ಟು ಕಳಿಸುವೆ. ಹಾಗೆ ಶುರುವಾದ ಸ್ನೇಹ.

ನನ್ನ ಕೆಲಸದ ಫೋಟೋ ನಾನು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದನ್ನು ಅವಳು ನೋಡುತ್ತಿದ್ದಳು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು.

"ಅಕ್ಕಾ, ಸೀರಿ ಇಷ್ಟ್ ಛಂದ ಉಡಸ್ತೀರಿ. ಫೋಟೋದಾಗ ಹಿಂದ ಒಣಗಿಸಿದ ಅರಿವಿ ಯಾಕ ಇಡ್ತೀರಿ?"

ನೋಡಿದರೆ ನಿಜ. ಕಾಂಜೀವರಂ ಉಟ್ಟ ಮದುಮಗಳ ಹಿಂದೆ ನನ್ನ ಗಂಡನ ಬನಿಯನ್ನು ಧ್ವಜದ ಹಾಗೆ ಹಾರುತ್ತಿತ್ತು.

ಅವಳು ಆಗಷ್ಟೇ ಸ್ಟುಡಿಯೋ ಕೆಲಸ ಬಿಟ್ಟು, ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಪಾತ್ರೆ ಅಂಗಡಿಯ ಮೇಲೊಂದು ಕೋಣೆ ಹಿಡಿದಿದ್ದಳು. ಮದುವೆ ಫೋಟೋ ಅವಳಿಗೆ ಬೇಡ. ಮನೆಯಲ್ಲೇ ಕೇಕ್ ಮಾಡುವವರು, ಬಟ್ಟೆ ಹೊಲಿಯುವವರು, ಸಂಗೀತ ಹೇಳಿಕೊಡುವವರು, ಇಂಥವರು ತಮ್ಮ ಕೆಲಸದಲ್ಲಿ ಮುಳುಗಿರುವಾಗ ಫೋಟೋ, ವಿಡಿಯೋ ಮಾಡಿಕೊಡಬೇಕು. ಅದನ್ನು ನೋಡಿ ಗಿರಾಕಿಗಳಿಗೆ ನಂಬಿಕೆ ಬರಬೇಕು. ಅದು ಅವಳ ಆಸೆ. ಮೊದಲ ಕೆಲಸ ನನ್ನದೇ ಮಾಡುತ್ತೇನೆ ಎಂದಳು. ಎಷ್ಟು ಕೊಡಬೇಕು ಎಂದು ಕೇಳಿದೆ.

"ರೊಕ್ಕ ಬ್ಯಾಡ್ರಿ ಅಕ್ಕಾ. ಫೋಟೋ ಎಲ್ಲಾ ಕಡೆ ಹಾಕ್ರಿ. ಕೆಳಗ ನನ್ನ ಹೆಸರು, ನಂಬರ್ ಹಾಕ್ರಿ. ನಿಮ್ಮ ಕಡೆ ಬರೋ ಹೆಣ್ಮಕ್ಕಳು ನೋಡಿ ನನ್ನ ಕಡೆ ಬರ್ತಾರ. ಒಂದ್ ವರ್ಷ ನೋಡ್ತೀನಿ ಅಂತ ಅಣ್ಣಗ ಹೇಳಿ ಬಂದೀನಿ. ನಡೀಲಿಲ್ಲಂದ್ರ ಮತ್ತ ಒಬ್ಬರ ಕೈ ಕೆಳಗ ದುಡಿಯೋದು ಇದ್ದೇ ಐತಿ."

ಇಷ್ಟು ಬಿಡಿಸಿ ಹೇಳಿದ್ದಳು. ಗೊತ್ತಿರಲಿಲ್ಲ ಎಂದು ಹೇಳಲು ನನಗೆ ಬಾಯಿಲ್ಲ.

ಕುಕ್ ಟೌನಿನ ಒಂದು ಹಳೇ ಬಂಗಲೆಯಲ್ಲಿ ಮೊಮ್ಮಗಳಿಗೆ ಸೀರೆ ಉಡಿಸಲು ನನ್ನನ್ನು ಕರೆದಿದ್ದರು. ಮನೆಯ ಅಜ್ಜಿಯ ಒಪ್ಪಿಗೆ ಪಡೆದು ಇವಳನ್ನೂ ಕರೆದುಕೊಂಡು ಹೋದೆ. ವರಾಂಡದಲ್ಲಿ ಬೆಳಗಿನ ಬೆಳಕಿತ್ತು. ಕ್ಯಾಮೆರಾ ಕಂಡದ್ದೇ ನಾನು ಮರಗಟ್ಟಿ ನಿಂತೆ. ವಿಡಿಯೋಗೆ ಎರಡು ಮಾತು ಹೇಳಿ ಎಂದರೆ, "ನಮಸ್ಕಾರ, ಆತ್ಮೀಯರೇ" ಎಂದು ಶುರು ಮಾಡಿದೆ.

"ವಾರ್ತಾ ಓದ್ಲಾಕತ್ತೀರೇನ್ರಿ?" ಎಂದು ನಕ್ಕಳು. ಆಮೇಲೆ ಮಾತಾಡಿ ಎಂದು ಹೇಳುವುದನ್ನೇ ಬಿಟ್ಟಳು. ರೇಷ್ಮೆ ಸೀರೆಯ ನೆರಿಗೆ ಜಾರದ ಹಾಗೆ ಹೇಗೆ ಕೂರಿಸುತ್ತೀರಿ ಎಂದು ಸುಮ್ಮನೆ ಕೇಳಿದಳು. ನಾನು ಕೆಲಸ ಮಾಡುತ್ತಲೇ ಹೇಳತೊಡಗಿದೆ. ನಮಗೆ ಸೀರೆ ಉಡಿಸುವವರಿಗೆಲ್ಲ ಒಂದು ಅಭ್ಯಾಸ, ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುವುದು. ಪಿನ್ನು ಕಚ್ಚಿಕೊಂಡೇ ಆ ಸೀರೆಗೆ ಬೈಯುತ್ತ, ಮೊಮ್ಮಗಳಿಗೆ ಅಲ್ಲಾಡಬೇಡ ಎನ್ನುತ್ತ, ಕ್ಯಾಮೆರಾ ಇರುವುದನ್ನೇ ಮರೆತಿದ್ದೆ.

ಒಂದು ವಾರದ ಮೇಲೆ ಫೋಟೋಗಳು ಬಂದವು. ಅದರಲ್ಲೊಂದು, ತುಟಿಯಲ್ಲಿ ಪಿನ್ನು ಹಿಡಿದು ಕಣ್ಣಲ್ಲೇ ನಗುತ್ತಿರುವುದು. ಕೈಯಲ್ಲಿ ನೆರಿಗೆ, ಮುಡಿಯಲ್ಲಿ ಮಲ್ಲಿಗೆ. ತನ್ನ ಕೆಲಸ ಚೆನ್ನಾಗಿ ಬಲ್ಲ ಹೆಂಗಸೊಬ್ಬಳು ಅಲ್ಲಿದ್ದಳು. ಅವಳು ನಾನೇ ಎಂದು ನಂಬಲು ಕಷ್ಟವಾಯಿತು. ಬಹಳ ಖುಷಿಯಾಯಿತು, ಅಷ್ಟೇ ಹೆದರಿಕೆಯೂ ಆಯಿತು. ಇದನ್ನು ಎಲ್ಲರೂ ನೋಡುವಂತೆ ಹಾಕಿದರೆ ನಮ್ಮ ಮನೆತನದವರು ಏನಂದಾರು? ಗಂಡನನ್ನು ಕೇಳಿದೆ. "ನಿನ್ನಿಷ್ಟ ಕಣೆ" ಅಂದರು. ನನ್ನ ಗಂಡ ಈ ಮಾತನ್ನು ಹೇಳಿದಾಗಲೆಲ್ಲ ನನಗೆ ರೇಗುತ್ತದೆ. ಇಷ್ಟ ನನ್ನದಾದರೆ ಬೈಗುಳವೂ ನನ್ನದೇ ಎಂದು ಅದರರ್ಥ.

ಶ್ರಾವಣ ಶುರುವಾದ ದಿನ ಹಾಕುವುದೆಂದು ಮಾತಾಯಿತು. ವರಮಹಾಲಕ್ಷ್ಮಿ ಹಬ್ಬಕ್ಕೆ ಹೆಂಗಸರೆಲ್ಲ ಸೀರೆ ಉಡಿಸುವವರನ್ನು ಹುಡುಕುವ ಹೊತ್ತು ಅದು. ಅಷ್ಟರಲ್ಲಿ ಆಷಾಢದ ಕೊನೆಯಲ್ಲಿ ದೊಡ್ಡಮಾವ, ಅಂದರೆ ಮಾವನವರ ಅಣ್ಣ, ತೀರಿಕೊಂಡರು.

ನಮ್ಮಲ್ಲಿ ದಾಯಾದಿಗಳಲ್ಲಿ ಹಿರಿಯರು ಹೋದರೆ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಬಾಗಿಲಿಗೆ ತೋರಣವಿಲ್ಲ, ಒಲೆಯ ಮೇಲೆ ಒಬ್ಬಟ್ಟಿಲ್ಲ. ಹೊಟ್ಟೆಪಾಡಿನ ಕೆಲಸಕ್ಕೆ ಅಡ್ಡಿಯಿಲ್ಲ. ಸೂತಕ ಕಳೆದ ಮೇಲೆ ನಾನು ಬೇರೆಯವರ ಮನೆಗಳಿಗೆ ಹೋಗಿ ಅವರ ಲಕ್ಷ್ಮಿಯರಿಗೆ ಸೀರೆ ಉಡಿಸಿ ಬಂದೆ. ಆದರೆ ಮಲ್ಲಿಗೆ ಮುಡಿದು ನಗುವ ಫೋಟೋ ಹಾಕುವುದೆಂದರೆ? ಅದು ಹೊಟ್ಟೆಪಾಡೋ, ಸಂಭ್ರಮವೋ? ಯಾರನ್ನೂ ಕೇಳಲಿಲ್ಲ. ಸಂಭ್ರಮ ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ.

ವರ್ಷ ತುಂಬುವವರೆಗೆ ಹಾಕುವುದು ಬೇಡ ಎಂದು ಅವಳಿಗೆ ಹೇಳಿದೆ. 

"ಮುಖ ಬ್ಯಾಡಾದ್ರ ಕೈ ಅಷ್ಟ ಇರೋದು ಹಾಕೋಣೇನ್ರಿ ಅಕ್ಕಾ? ನೆರಿಗಿ ಹಿಡಿದಿದ್ದು?"

"ಕೈಯಾದ್ರೂ ನಂದೇ ಅಲ್ವಾ? ಬಳೆ ನೋಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ. ನಿಂಗೆ ನಮ್ಮ ಕಡೆ ಪದ್ಧತಿ ಗೊತ್ತಿಲ್ಲ, ಬಿಡು."

"ನಮ್ಮ ಕಡೆನೂ ಸಾವು ಆಗ್ತಾವ ಅಕ್ಕಾ" ಎಂದಳು. ಜೋರಾಗಿ ಹೇಳಲಿಲ್ಲ. ಮೆಟ್ಟಿಲು ಹತ್ತಿ ಹೋದಳು. ನನಗೆ ಸಿಟ್ಟು ಬಂತು. ಬಾಡಿಗೆಗೆ ಬಂದವಳು ನನಗೆ ಬುದ್ಧಿ ಹೇಳುವುದೇ ಅಂದುಕೊಂಡೆ. ಹಾಗೆ ಅಂದುಕೊಂಡದ್ದನ್ನು ಈಗ ನೆನೆಸಿಕೊಂಡರೆ ಮೈ ಕುಗ್ಗುತ್ತದೆ.

ಗಣೇಶನ ಹಬ್ಬ ಬಂತು. ಆಟೋದಲ್ಲಿ ಕೆ.ಆರ್. ಪುರದ ಕಡೆ ಹೋಗುತ್ತಿದ್ದೆ. ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸ್. ಸಮಸ್ತ ನಾಗರಿಕರಿಗೆ ಹಬ್ಬದ ಶುಭಾಶಯ ಕೋರಿ ಕೈ ಮುಗಿದು, ಹಲ್ಲು ಬಿಟ್ಟು ನಿಂತವರು ತೀರಿಹೋದ ದೊಡ್ಡಮಾವನ ಇಬ್ಬರು ಮಕ್ಕಳು. ಒಬ್ಬನಿಗೆ ಕೂಲಿಂಗ್ ಗ್ಲಾಸ್ ಬೇರೆ. ಮನೆಯಲ್ಲಿ ಗಣೇಶನನ್ನು ಕೂರಿಸುವಂತಿರಲಿಲ್ಲ, ಸರ್ಕಲ್ಲಿನಲ್ಲಿ ತಾವೇ ಕೂತಿದ್ದರು. ಅವರನ್ನು ಯಾರೂ ಒಂದು ಮಾತು ಅನ್ನಲಿಲ್ಲ.

ಅಂದಾದರೂ ನಾನು ಫೋಟೋ ಹಾಕಬಹುದಿತ್ತು. ಮನೆಗೆ ಬಂದು ಫೋನ್ ತೆಗೆದೆ, ಪಿನ್ನು ಕಚ್ಚಿದ ಮುಖ ನೋಡಿದೆ, ಮತ್ತೆ ಮುಚ್ಚಿಟ್ಟೆ. ಗಂಡಸರ ಮಾತು ಬೇರೆ ಎಂದು ಸಮಾಧಾನ ಮಾಡಿಕೊಂಡೆ. ನಿಜ ಹೇಳಬೇಕೆಂದರೆ ವರ್ಷದ ಕಟ್ಟಳೆ ನನಗೆ ಅನುಕೂಲವಾಗಿತ್ತು. ನಲವತ್ತು ದಾಟಿದ ಹೆಂಗಸು ಮುಖ ತೋರಿಸಿಕೊಂಡು ಹೊರಟಳು ಎಂದು ಯಾರಾದರೂ ನಕ್ಕರೆ ಎಂಬ ಪುಕ್ಕಲುತನ ನನ್ನದು. ದೊಡ್ಡಮಾವನ ಹೆಸರಿನ ಹಿಂದೆ ಅಡಗಿ ಕೂತಿದ್ದೆ, ಪಾಪ, ಅವರು ಬದುಕಿದ್ದಾಗ ನನಗೆ ಒಂದು ಗಡುಸು ಮಾತೂ ಆಡಿದವರಲ್ಲ.

ತಿಪ್ಪಸಂದ್ರದ ಕೋಣೆಗೆ ಒಮ್ಮೆ ಹೋಗಿದ್ದೆ. ಗೋಡೆಗೆ ತಿಳಿ ಬಣ್ಣ ಬಳಿಸಿ, ಕಿಟಕಿಗೆ ಬಿಳಿ ಪರದೆ ಕಟ್ಟಿ, ಚೊಕ್ಕವಾಗಿ ಇಟ್ಟುಕೊಂಡಿದ್ದಳು. ಕೆಳಗೆ ಪಾತ್ರೆ ಅಂಗಡಿಯ ಸದ್ದು, ಮೇಲೆ ಇವಳೊಬ್ಬಳೇ. ಪಾಸ್‌ಪೋರ್ಟ್ ಫೋಟೋ ಕೇಳಿಕೊಂಡು ಬರುವವರು ಬಿಟ್ಟರೆ ಯಾರೂ ಇಲ್ಲ ಎಂದಳು. ಕೇಕ್ ಮಾಡುವ ಒಬ್ಬರು ಬಂದಿದ್ದರಂತೆ. ಇದಕ್ಕೆ ಮುಂಚೆ ಮಾಡಿದ ಕೆಲಸ ಯಾವುದಾದರೂ ಎಲ್ಲಾದರೂ ಹಾಕಿದ್ದಾರಾ, ತೋರಿಸಿ ಎಂದರಂತೆ. ನನ್ನ ಫೋಟೋ ತೋರಿಸಲಿಲ್ಲವಾ ಎಂದು ಕೇಳಿದೆ.

"ನೀವು ಬ್ಯಾಡ ಅಂದೀರಲ್ರಿ" ಎಂದಳು.

ಆ ಮಾತಿಗೆ ನಾನು ಆಗಲೇ ಎದ್ದು ಫೋನ್ ತೆಗೆಯಬೇಕಿತ್ತು. ಬಿಸ್ಕತ್ತು ತಿಂದು, ಚಹಾ ಕುಡಿದು, ದೀಪಾವಳಿ ಕಳೆಯಲಿ, ಸಂಕ್ರಾಂತಿ ಕಳೆಯಲಿ ಎಂದು ಬಾಯಿಗೆ ಬಂದ ಹಬ್ಬವನ್ನೆಲ್ಲ ಹೇಳಿ ಬಂದೆ. ಅವಳು ಮತ್ತೆ ಕೇಳಲಿಲ್ಲ.

ಯುಗಾದಿ ಆದ ಮೇಲೆ ಒಂದು ಬೆಳಿಗ್ಗೆ ಅವಳು ಕುತ್ತಿಗೆಗೆ ಐಡಿ ಕಾರ್ಡ್ ಹಾಕಿಕೊಂಡು ಮೆಟ್ಟಿಲು ಇಳಿಯುತ್ತಿದ್ದಳು. ಹತ್ತಿರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ. ತಿಪ್ಪಸಂದ್ರದ ಕೋಣೆ ಬಿಟ್ಟುಕೊಟ್ಟಿದ್ದಳು. ಕ್ಯಾಮೆರಾ, ಲೈಟು ಎಲ್ಲ ಯಾರೋ ಕೊಂಡುಕೊಂಡರಂತೆ. "ಇದೂ ಆರಾಮ ಐತ್ರಿ ಅಕ್ಕಾ, ಏಸಿ ಐತಿ" ಎಂದು ನನಗೇ ಸಮಾಧಾನ ಹೇಳಿ ಹೋದಳು.

ಆಷಾಢದಲ್ಲಿ ದೊಡ್ಡಮಾವನ ವರ್ಷದ ತಿಥಿ ಮುಗಿಯಿತು. ಮಾರನೆಯ ದಿನ ದೊಡ್ಡತ್ತೆಯ ಹತ್ತಿರ ಹೋಗಿ ಫೋನ್ ಕೊಟ್ಟೆ, ಇನ್ನು ಈ ಫೋಟೋ ಹಾಕಬಹುದಾ ಎಂದು ಕೇಳಿದೆ. ಗಂಡನನ್ನು ಕಳೆದುಕೊಂಡವರು ಅವರು, ಅವರ ಒಪ್ಪಿಗೆ ದೊಡ್ಡದು ಎಂದು ನನ್ನ ಲೆಕ್ಕ. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ನೋಡಿದರು. ಪಿನ್ನಿನ ಫೋಟೋ ಬಂದಾಗ ಬಹಳ ಹೊತ್ತು ನೋಡಿದರು.

"ಯಾವಾಗ ತೆಗ್ಸಿದ್ದಮ್ಮ?"

"ಹೋದ ವರ್ಷ ದೊಡ್ಡತ್ತೆ. ದೊಡ್ಡಮಾವ ಹೋಗೋಕೆ ಮುಂಚೆ. ವರ್ಷ ತುಂಬಲಿ ಅಂತ ಇಟ್ಕೊಂಡಿದ್ದೆ."

"ನಾನೇನಾದ್ರೂ ಬೇಡ ಅಂದ್ನಾ? ಅವ್ರಿದ್ದಿದ್ರೆ ನಮ್ಮನೆ ಸೊಸೆ ನೋಡ್ರೋ ಅಂತ ಊರಿಗೆಲ್ಲ ತೋರಿಸ್ಕೊಂಡ್ ಬರೋರು. ಒಂದು ಮಾತು ನನ್ನ ಕೇಳ್ಬಾರ್ದಿತ್ತಾ?"

 ಅವರ ಮನೆ ನಮ್ಮ ಮನೆಯಿಂದ ಒಂದು ಕೂಗಳತೆ. ವರ್ಷವಿಡೀ ಆ ಬಾಗಿಲ ಮುಂದೆಯೇ ಓಡಾಡಿದ್ದೆ.

ಸಂಜೆ ಎಲ್ಲವನ್ನೂ, ಸ್ಟೇಟಸ್‌ಗಷ್ಟೇ ಅಲ್ಲ, ನೆಟ್ಟಿನಲ್ಲಿ ನನ್ನದೊಂದು ಪುಟ ತೆರೆದು ಹಾಕಿದೆ. ಫೋಟೋ, ವಿಡಿಯೋ, ಎಲ್ಲದರ ಕೆಳಗೆ ಅವಳ ಹೆಸರು, ನಂಬರ್. ಮೊದಲು ಹೇಳಿದ್ದ ಹಾಗೆಯೇ. ಯಾರೂ ನಗಲಿಲ್ಲ. ಸೀರೆಗೆ ಬೈಯುವ ವಿಡಿಯೋವನ್ನು ಹಲಸೂರು, ಶಿವಾಜಿನಗರದ ಕಡೆಯ ನನಗೆ ಗೊತ್ತೇ ಇಲ್ಲದ ಹೆಂಗಸರೆಲ್ಲ ಒಬ್ಬರಿಗೊಬ್ಬರು ಕಳಿಸಿಕೊಂಡರು. ಶ್ರಾವಣಕ್ಕೆ ಮಾಡಿ ಮುಗಿಸಲಾರದಷ್ಟು ಕೆಲಸ ಬಂತು. ಬಂದವರಲ್ಲಿ ತುಂಬ ಜನ ನನ್ನ ಕೆಲಸದ ಮಾತಿಗೆ ಮುಂಚೆ ಇನ್ನೊಂದು ಮಾತು ಕೇಳಿದರು, ಫೋಟೋ ತೆಗೆದವರು ಯಾರು, ನಮಗೂ ಬೇಕಿತ್ತು, ಎಂದು. ಟೈಲರ್ ಅಂಗಡಿಯವಳೊಬ್ಬಳು, ಯೋಗ ಕಲಿಸುವ ಒಬ್ಬರು, ಉಪ್ಪಿನಕಾಯಿ ಮಾಡುವ ಅತ್ತೆ ಸೊಸೆ. ಹೋದ ವರ್ಷವೇ ಹಾಕಿದ್ದರೆ ಇದೇ ತಿಂಗಳಲ್ಲಿ ಇದೇ ಜನ ಕೇಳುತ್ತಿದ್ದರು. ಪಾತ್ರೆ ಅಂಗಡಿಯ ಮೇಲಿನ ಆ ಕೋಣೆಯ ಮೆಟ್ಟಿಲು ಸವೆಯುತ್ತಿತ್ತು.  ಆದರೂ ಒಂದು ಆಸೆ ಇತ್ತು. ಇಷ್ಟು ಜನ ಕೇಳುತ್ತಿದ್ದಾರೆ, ಅವಳು ಮತ್ತೆ ಶುರು ಮಾಡಿಯಾಳು, ಕ್ಯಾಮೆರಾ ನಾನೇ ಕೊಡಿಸಿಯೇನು ಎಂದು.

ಭಾನುವಾರ ಮಧ್ಯಾಹ್ನ ಅವಳೇ ಕೆಳಗೆ ಬಂದಳು. ತಟ್ಟೆಯಲ್ಲಿ ರೊಟ್ಟಿ ಇತ್ತು. ನಾನು ಬಾಯಿ ತೆರೆಯುವ ಮುಂಚೆ ಅವಳೇ ಮಾತು ತೆಗೆದಳು.

"ಅಕ್ಕಾ, ಒಂದ್ ಕೆಲಸ ಮಾಡ್ತೀರೇನ್ರಿ? ಫೋಟೋದ ಕೆಳಗ ನನ್ನ ಹೆಸರು ತೆಗೀರಿ. ದಿನಾ ಫೋನ್ ಬರ್ಲಾಕತ್ತಾವ. ಡ್ಯೂಟಿಯಾಗ ಎತ್ತಿದ್ರ ಡಾಕ್ಟರ್ ಬೈತಾರ."

ಕ್ಯಾಮೆರಾದ ಮಾತು ಹೇಳಿದೆ. ಹೇಳುತ್ತ ಹೇಳುತ್ತ ನನಗೇ ನಾಚಿಕೆಯಾಯಿತು. ಅವಳು ಕೇಳಿಸಿಕೊಂಡಳು, ಬೇಡವೆನ್ನುವಂತೆ ತಲೆಯಾಡಿಸಿದಳು. ಸಿಟ್ಟೇನೂ ಇರಲಿಲ್ಲ. ಸಿಟ್ಟಾದರೂ ಮಾಡಬಾರದೇ ಅನ್ನಿಸಿತು.

"ಅಣ್ಣ ಮದುವಿಗೆ ಗಂಡು ನೋಡ್ಯಾನ್ರಿ. ವರ್ಷ ಮುಗೀತಲ್ಲ, ಇನ್ನ ಏನ್ ಹೇಳ್ಲಿ ಅವಗ?"

ಫೋನ್ ತೆಗೆದುಕೊಂಡು ಒಂದೊಂದೇ ಫೋಟೋದ ಕೆಳಗಿನಿಂದ ಅವಳ ಹೆಸರು ಅಳಿಸುತ್ತ ಹೋದೆ. ವಿಡಿಯೋದ ಕೆಳಗಿನದು ನನಗೆ ಅಳಿಸಲು ಬರಲಿಲ್ಲ. ಅವಳೇ ಫೋನ್ ಇಸಿದುಕೊಂಡು ಅದನ್ನೂ ಅಳಿಸಿ, ಎಲ್ಲಾದರೂ ಉಳಿದಿದೆಯಾ ಎಂದು ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ನೋಡಿ, ನನ್ನ ಕೈಗೆ ಕೊಟ್ಟಳು.