ಸದ್ದು ನಿಂತ ಎದೆ

ಕಂಪ್ಲಿಯ ರೈಸ್‌ಮಿಲ್ ಜಡೆಪ್ಪನಿಗೆ ತನ್ನ ಕಿವಿಯ ಮೇಲಿದ್ದ ಅಭಿಮಾನ ಹೆಂಡತಿ ಮಕ್ಕಳ ಮೇಲೆ ಇರಲಿಲ್ಲ. ಈ ಮಾತು ಹೇಳುತ್ತಿದ್ದವಳು ಅವನ ಹೆಂಡತಿ ಸುವರ್ಣಮ್ಮನೇ, ಅದೂ ಅಡುಗೆಮನೆಯಲ್ಲಿ ಗೊಣಗಿಕೊಂಡಲ್ಲ, ಬಂದವರ ಎದುರಿಗೇ. ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತೇ, ಮಿಲ್ಲಿನೊಳಗೆ ಯಾವ ಬೇರಿಂಗು ಒಣಗಿದೆ, ಯಾವ ಬೆಲ್ಟು ಸಡಿಲಾಗಿದೆ ಎಂದು ಸದ್ದಿನಿಂದ ಹೇಳುವುದು ಜಡೆಪ್ಪನ ವಿದ್ಯೆ. ಕಿರ್ ಅಂದರೆ ಗ್ರೀಸು ಹಾಕಬೇಕು. ಗ್ರೀಸು ಹತ್ತಿದರೆ ಕಿರ್ ನಿಲ್ಲುತ್ತದೆ. ನಿಂತರೆ ಎಲ್ಲ ಸರಿಯಾಯಿತು. ಮನುಷ್ಯನಾದವನು ತಿಳಿಯಬೇಕಾದ್ದು ಇಷ್ಟೇ ಎಂದು ಅವನು ನಂಬಿದ್ದ, ಊರಿನ ನಾಲ್ಕು ಜನ ತಲೆದೂಗುವವರೂ ಇದ್ದರು. ದುಡ್ಡಿದ್ದವನ ಕಿವಿ ಚುರುಕೆಂದು ಒಪ್ಪಿಕೊಳ್ಳಲು ಯಾರಿಗೂ ಏನೂ ಖರ್ಚಿಲ್ಲವಲ್ಲ.

ಸುವರ್ಣಮ್ಮ ಸಂಡೂರಿನವಳು. ಹತ್ತನೇ ಇಯತ್ತೆ ಪಾಸಾದ ಹುಡುಗಿ, ಬಾಯಿ ಜೋರು ಎಂದು ಹೆಸರಾಗಿತ್ತು. ಕಾಲುವೆ ನೀರು ಬಂದು ಕಂಪ್ಲಿ ಕಡೆ ವರ್ಷಕ್ಕೆರಡು ಬೆಳೆ ಭತ್ತ ಏಳುತ್ತಿದ್ದ ಕಾಲ. ಮಿಲ್ಲಿನವರ ಮನೆ ಎಂದರೆ ಹೆಣ್ಣು ಕೊಡುವವರು ಎರಡು ಸಲ ಯೋಚಿಸುತ್ತಿರಲಿಲ್ಲ. ಮದುವೆಯಾಗಿ ಬಂದ ದಿನವೇ ಅವಳು ನೋಡಿದ್ದು, ಮನೆಗೂ ಮಿಲ್ಲಿಗೂ ನಡುವೆ ಒಂದೇ ಗೋಡೆ, ಆ ಗೋಡೆಗೂ ಒಂದು ಬಾಗಿಲು. ಸುಗ್ಗಿಯಲ್ಲಿ ಮಿಲ್ಲು ಶುರುವಾದರೆ ತೌಡಿನ ಧೂಳು ದೇವರ ಮನೆಯ ದೀಪದ ಎಣ್ಣೆಯ ಮೇಲೂ ಕೂರುತ್ತಿತ್ತು. ಅದು ಧೂಳಲ್ಲ, ಲಕ್ಷ್ಮಿ, ಎಂದು ಜಡೆಪ್ಪ ಹೇಳುತ್ತಿದ್ದ. ಒರೆಸುವ ಬಟ್ಟೆ ಮಾತ್ರ ಎಂದೂ ಕೈಯಲ್ಲಿ ಹಿಡಿದವನಲ್ಲ.

ಅವರಿಗೆ ಇಬ್ಬರು ಮಕ್ಕಳು. ದೊಡ್ಡವನು ಕೊಟ್ರಬಸಪ್ಪ, ಚಿಕ್ಕವಳು ವಿರುಪಮ್ಮ. ಇಬ್ಬರಿಗೂ ದಮ್ಮು. ಜಡೆಪ್ಪನ ಲೆಕ್ಕದಲ್ಲಿ ದಮ್ಮು ಎಂದರೆ ದಮ್ಮು, ಅದರಲ್ಲಿ ಬಗೆಯೇನು. ಸುವರ್ಣಮ್ಮನಿಗೆ ಹಾಗೆ ಕಾಣಲಿಲ್ಲ. ಹುಡುಗನಿಗೆ ಮಳೆಗಾಲದಲ್ಲಿ ನೆಗಡಿಯಾದರೆ ಎದೆ ಸುಯ್ಯೆನ್ನುವುದು, ನೆಗಡಿ ಹೋದರೆ ಅದೂ ಹೋಗುವುದು, ಆಮೇಲೆ ಅವನು ಓಣಿಯೆಲ್ಲ ಓಡುವನು. ಹುಡುಗಿಗೆ ಹಾಗಲ್ಲ. ಅವಳಿಗೆ ವರ್ಷವೆಲ್ಲ ಒಣಕೆಮ್ಮು. ನಾಲ್ಕು ಹೆಜ್ಜೆ ಓಡಿದರೆ ಕೂತುಬಿಡುತ್ತಿದ್ದಳು. ಮಿಲ್ಲು ಶುರುವಾದರಂತೂ ದಿಂಬು ಗೋಡೆಗೆ ಒರಗಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದಳು.

ಗಂಡನನ್ನು ಕೇಳದೆ ಇಬ್ಬರನ್ನೂ ಬಸ್ಸಿಗೆ ಹತ್ತಿಸಿಕೊಂಡು ಅವಳು ಹೊಸಪೇಟೆಯ ಮಕ್ಕಳ ಡಾಕ್ಟರಮ್ಮನ ಹತ್ತಿರ ಹೋದಳು. ಅವಳು ಕಂಡದ್ದನ್ನೇ ಡಾಕ್ಟರಮ್ಮನೂ ಹೇಳಿದರು. ಹುಡುಗನದು ನೆಗಡಿಯ ಜೊತೆ ಬಂದು ಹೋಗುವ ಬಗೆ, ದೊಡ್ಡವನಾಗುತ್ತ ಕಡಿಮೆಯಾಗಬಹುದು. ಹುಡುಗಿಯದು ಧೂಳಿಗೆ ಕೆರಳುವ ಬಗೆ, ಒಳಗಿನ ಕೊಳವೆಗಳು ಸದಾ ಊದಿಕೊಂಡೇ ಇರುತ್ತವೆ. ಅವಳಿಗೆ ಬಾಯಿಗಿಟ್ಟು ಔಷಧ ಎಳೆದುಕೊಳ್ಳುವ ಎರಡು ಪಂಪು ಕೊಟ್ಟರು. ಒಂದು ದಮ್ಮು ಬಂದಾಗ ಎಳೆಯುವುದು, ಇನ್ನೊಂದು ದಮ್ಮು ಇರಲಿ ಬಿಡಲಿ ದಿನವೂ ಎಳೆಯುವುದು. ಎದೆಯ ಸದ್ದು ನಿಂತ ಮಾತ್ರಕ್ಕೆ ಕಾಯಿಲೆ ಹತೋಟಿಗೆ ಬಂತು ಎಂದುಕೊಳ್ಳಬೇಡಿ, ಮಗು ಮಲಗಿ ನಿದ್ದೆ ಮಾಡುತ್ತದೆಯೇ, ಓಡಿ ಆಡುತ್ತದೆಯೇ, ಸ್ಕೂಲು ತಪ್ಪಿಸುವುದಿಲ್ಲವೇ, ಅದನ್ನು ನೋಡಿ ಎಂದರು. ಸಾಧ್ಯವಾದರೆ ಮಿಲ್ಲಿನ ಮಗ್ಗುಲಿನ ಮನೆ ಬಿಡಿ ಎಂದೂ ಹೇಳಿದರು.

ಮನೆ ಬಿಡುವ ಮಾತು ಕೇಳಿ ಜಡೆಪ್ಪ ನಕ್ಕ. ದಿನದ ಪಂಪು ನೋಡಿ ಮಾತ್ರ ಅವನಿಗೆ ನಗು ಬರಲಿಲ್ಲ. ಸದ್ದೇ ಇಲ್ಲದ ಹೊತ್ತಿನಲ್ಲಿ ಔಷಧವೇಕೆ, ಇದು ಚಟ ಹತ್ತಿಸುವ ಕೆಲಸ, ಹೆಣ್ಣುಹುಡುಗಿ ಪಂಪು ಎಳೆಯುವುದನ್ನು ನಾಲ್ಕು ಜನ ನೋಡಿದರೆ ಮುಂದೆ ಗಂಡು ಸಿಗುವುದೇ ಎಂದು ಹಾರಾಡಿದ. ಅವನ ಮಿಲ್ಲಿನಲ್ಲಿ ಆಳುಗಳು ಬೆಳಗಾದರೆ ಸದ್ದಿಲ್ಲದ ಬೇರಿಂಗುಗಳಿಗೂ ಗ್ರೀಸು ತುಂಬುತ್ತಿದ್ದರು. ಅದಕ್ಕೇ ಮಿಲ್ಲು ನಡೆಯುತ್ತಿತ್ತು. ಗ್ರೀಸು ತುಂಬುವುದಕ್ಕೆ ಸದ್ದಿಲ್ಲ, ಹಾಗಾಗಿ ಯಜಮಾನರಿಗೆ ಅದು ಗೊತ್ತಿರಲಿಲ್ಲ. ಸುವರ್ಣಮ್ಮ ಇದನ್ನೂ ಹೇಳಿ ನೋಡಿದಳು. ಹೆಂಗಸಿಗೆ ಮಿಷಿನ್ ವಿಚಾರ ಏನು ಗೊತ್ತು ಎಂಬ ಉತ್ತರ ಬಂತು. ಅಂದಿನಿಂದ ಅವಳು ಹೇಳುವುದನ್ನು ಬಿಟ್ಟು, ದಿನಾ ತಾನೇ ನಿಂತು ಮಗಳಿಗೆ ಪಂಪು ಎಳೆಸತೊಡಗಿದಳು. ಆ ಬೇಸಿಗೆ ವಿರುಪಮ್ಮ ಕುಂಟೆಬಿಲ್ಲೆ ಆಡಿದಳು. ಮಲಗಿದರೆ ಬೆಳಗಿನವರೆಗೆ ಏಳುತ್ತಿರಲಿಲ್ಲ. ಹುಡುಗಿ ಚೆನ್ನಾಗಿದ್ದಾಳೆ ಎನ್ನುವುದನ್ನೇ ಜಡೆಪ್ಪ ಪಂಪು ಬೇಡವೆನ್ನುವುದಕ್ಕೆ ಸಾಕ್ಷಿ ಮಾಡಿಕೊಂಡ. ಇಂಥವನ ಜೊತೆ ವಾದ ಮಾಡಿ ಬಾಯಿ ನೋಯಿಸಿಕೊಳ್ಳುವುದಕ್ಕಿಂತ ಗೋಣಿಚೀಲಕ್ಕೆ ಬುದ್ಧಿ ಹೇಳುವುದು ಮೇಲು ಎಂದು ಅವಳಿಗೆ ಅನಿಸಿತು.

ಸುಗ್ಗಿ ಬಂತು. ಎಮ್ಮಿಗನೂರಿಗೆ ಕೊಟ್ಟಿದ್ದ ತಂಗಿಯ ಸೀಮಂತಕ್ಕೆ ಸುವರ್ಣಮ್ಮ ಹೋಗಲೇಬೇಕಾಯಿತು. ಮಕ್ಕಳಿಬ್ಬರನ್ನೂ ಕರೆದೊಯ್ಯಲು ಹೊರಟರೆ, ಪರೀಕ್ಷೆ ಇದೆ, ಬಿಟ್ಟು ಹೋಗು ಎಂದ ಜಡೆಪ್ಪ. ಎರಡೂ ಪಂಪುಗಳನ್ನು ಅವನ ಕೈಗೇ ಕೊಟ್ಟು, ಯಾವುದು ಯಾವಾಗ ಎಂದು ಬಿಡಿಸಿ ಹೇಳಿ ಹೋದಳು. ಅವಳ ಬಸ್ಸು ಊರು ದಾಟಿತ್ತೋ ಇಲ್ಲವೋ, ಅವನು ಎರಡನ್ನೂ ಹಿತ್ತಲಿನ ಹೊಟ್ಟಿನ ಗುಡ್ಡೆಗೆ ಎಸೆದ. ಹೆಂಡತಿ ಇಲ್ಲದಾಗ ಮಗಳ ಚಟ ಬಿಡಿಸಿದೆನೆಂದು ಆಮೇಲೆ ತಾನೇ ಹೇಳಿಕೊಂಡ, ನಾಚಿಕೆಯಿಲ್ಲದೆ.

ನಾಲ್ಕು ದಿನ ಬಿಟ್ಟು ಅವಳು ತಿರುಗಿ ಬಂದಾಗ ಮಧ್ಯಾಹ್ನ. ಮಿಲ್ಲು ಗಡಗಡ ನಡೆಯುತ್ತಿತ್ತು. ಪಡಸಾಲೆಯಲ್ಲಿ ಭತ್ತದ ವ್ಯಾಪಾರಿ ಗಾದಿಲಿಂಗಪ್ಪ ಕೂತಿದ್ದ, ಅವನ ಜೀಪು ಬಾಗಿಲಲ್ಲಿತ್ತು. ಜಡೆಪ್ಪನ ಪಕ್ಕದಲ್ಲಿ ಒಂದು ಕಂಬಳಿಯ ಗುಪ್ಪೆ, ಅದರ ಸಂದಿಯಿಂದ ಹೊಗೆ ಏಳುತ್ತಿತ್ತು. ಆ ಮನೆಯಲ್ಲಿ ಎರೆದ ಕೂಸಿಗೆ ಲೋಬಾನದ ಹೊಗೆ ಹಾಕುವ ರೂಢಿ. ಅದನ್ನೇ ಜಡೆಪ್ಪ ದಮ್ಮಿನ ಹುಡುಗಿಗೆ ಮಾಡಿಸಿದ್ದ. ಎದೆಗೆ ಎಣ್ಣೆ ತಿಕ್ಕಿಸಿ, ಹೊಟ್ಟಿನ ಕೆಂಡದ ಮೇಲೆ ಲೋಬಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ, ಮೇಲೆ ಕಂಬಳಿ ಹೊದಿಸಿದ್ದ. ಮುಂಜಾನೆಯಿಂದ ಅವಳ ಎದೆ ಕೊಳಲಿನ ಹಾಗೆ ಊದುತ್ತಿತ್ತಂತೆ. ಈಗ ಜಡೆಪ್ಪ ಕೈಯೆತ್ತಿ ಗಾದಿಲಿಂಗಪ್ಪನನ್ನು ಸುಮ್ಮನಿರಿಸಿ, ಕಂಬಳಿಗೆ ಕಿವಿಯಿಟ್ಟು ಆಲಿಸುತ್ತಿದ್ದ.

“ನಿಂತೈತಿ ನೋಡ್ರಿ,” ಎಂದ. “ಗ್ರೀಸು ಹತ್ತಿದಂಗ.”

ಸುವರ್ಣಮ್ಮ ಕಂಬಳಿ ಕಿತ್ತೆಸೆದಳು. ವಿರುಪಮ್ಮನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಭುಜಗಳು ಮೇಲೇರಿ ಅಲ್ಲೇ ನಿಂತಿದ್ದವು, ಕೊರಳ ಗುಳಿ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಎದೆಯಲ್ಲಿ ಸದ್ದು ಇರಲಿಲ್ಲ, ನಿಜ. ಸದ್ದು ಮಾಡುವಷ್ಟು ಗಾಳಿಯೇ ಒಳಗೆ ಹೋಗುತ್ತಿರಲಿಲ್ಲ. ಪಂಪು ಎಲ್ಲಿ ಎಂದು ಕೇಳಿದಳು. ಅವನು ಹಿತ್ತಲ ಕಡೆ ಕೈ ತೋರಿಸಿದ. ಅವಳಿಗೆ ಅವನನ್ನು ಹೊಡೆಯಬೇಕೆನಿಸಿತು. ಹೊಡೆಯುತ್ತ ನಿಲ್ಲಲು ಹೊತ್ತಿರಲಿಲ್ಲ, ಮಗಳನ್ನು ಎತ್ತಿಕೊಂಡಳು.

“ಎಲ್ಲಿಗಲೇ? ಈಗರ ತಣ್ಣಗ ಆಗ್ಯಾಳ, ಮಲಗಸು,” ಎಂದ ಜಡೆಪ್ಪ.

ಅವಳು ವ್ಯಾಪಾರಿಯ ಕಡೆ ತಿರುಗಿದಳು. “ಗಾದಿಲಿಂಗಪ್ಪಾರ, ಜೀಪು ತಗೀರಿ. ಕೂಸು ಸಾಯಾಕ ಹತ್ತೈತಿ,” ಎಂದಳು. ಗಾದಿಲಿಂಗಪ್ಪ ಜಡೆಪ್ಪನ ಮುಖ ನೋಡಿದ, ಆಮೇಲೆ ಹುಡುಗಿಯ ಮುಖ ನೋಡಿದ, ಚಹಾ ಅಲ್ಲೇ ಬಿಟ್ಟು ಎದ್ದ. ಹೊಸಪೇಟೆಯ ದಾರಿಯುದ್ದಕ್ಕೂ ಭತ್ತದ ಲಾರಿಗಳು, ಕಬ್ಬಿನ ಬಂಡಿಗಳು. ಆವರೆಗೆ ಸುವರ್ಣಮ್ಮನಿಗೆ ಸುಗ್ಗಿಯ ದಾರಿ ಎಂದರೆ ಹಿಗ್ಗು. ಅಂದು ಆ ಒಂದೊಂದು ಬಂಡಿಯನ್ನೂ ಅವಳು ಬೈದಳು, ಬಂಡಿಯವನನ್ನು ಬೈದಳು, ಅವನ ಎತ್ತುಗಳನ್ನೂ ಬೈದಳು.

ಡಾಕ್ಟರಮ್ಮ ಏನನ್ನೂ ಕೇಳದೆ ಸೂಜಿ ಹಾಕಿ, ಆಕ್ಸಿಜನ್ ಹಚ್ಚಿ, ಸಲೈನ್ ಏರಿಸಿದರು. ತುಂಬಾ ಹೊತ್ತಿನ ಮೇಲೆ ಹುಡುಗಿಯ ಎದೆಯಲ್ಲಿ ಸಣ್ಣಗೆ ಸುಯ್ ಎಂದು ಶುರುವಾಯಿತು. ಸುವರ್ಣಮ್ಮ ಬೆಚ್ಚಿದಳು. ಹೆದರಬೇಡಿ, ಗಾಳಿ ಆಡುತ್ತಿದೆ, ಬದುಕಿದಳು ಎಂದರು ಡಾಕ್ಟರಮ್ಮ. ಸುವರ್ಣಮ್ಮ ಮಂಚದ ಕಾಲ ಬಳಿ ಕುಸಿದು ಕೂತು ಅತ್ತಳು.

ಸಂಜೆ ಹೊತ್ತಿಗೆ ಜಡೆಪ್ಪ ಬಂದ, ಮಿಲ್ಲಿನ ಅಂಗಿಯಲ್ಲೇ, ಹುಬ್ಬಿನ ತುಂಬ ತೌಡು. ಬಾಗಿಲಲ್ಲೇ ನಿಂತು, ಕಣ್ಣು ಮುಚ್ಚಿ, ಸುಯ್ ಎನ್ನುವುದನ್ನು ಆಲಿಸಿದ. ಅವನ ಮುಖ ಕೆಂಪಾಯಿತು.

“ಮನಿಯಾಗ ನಿಂತಿತ್ತು,” ಎಂದ. “ಇಲ್ಲಿ ತಂದು ಮತ್ತ ಚಾಲೂ ಮಾಡಿಸೀಯಲ್ಲಲೇ.”

ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಡಾಕ್ಟರಮ್ಮ ತಾಳ್ಮೆಯಿಂದಲೇ ತಿಳಿಸಿ ಹೇಳಿದರು: ಯಜಮಾನರೇ, ದಮ್ಮಿನ ಮಗುವಿನ ಎದೆ ಗಪ್ಪಾದರೆ ಅದು ಗುಣವಲ್ಲ, ಕೊಳವೆ ಪೂರ್ತಿ ಮುಚ್ಚಿಕೊಂಡ ಲಕ್ಷಣ, ಇನ್ನೊಂದಿಷ್ಟು ತಡವಾಗಿದ್ದರೆ ನಾನೂ ಏನೂ ಮಾಡಲಾಗುತ್ತಿರಲಿಲ್ಲ. ಜಡೆಪ್ಪ ತಲೆಯಾಡಿಸಿದ. ಆಮೇಲೆ ವರಾಂಡಕ್ಕೆ ಹೋಗಿ, ಯಾರದೋ ಮಗುವನ್ನು ಕಾಯುತ್ತ ಕೂತಿದ್ದ ಬಡಪಾಯಿಯೊಬ್ಬನಿಗೆ, ತಾನು ಎಷ್ಟು ವರ್ಷದಿಂದ ಮಿಷಿನ್ ಸದ್ದು ಕೇಳುತ್ತ ಬಂದಿದ್ದೇನೆ ಎಂದು ಹೇಳತೊಡಗಿದ. ಒಳಗೆ ಕೂತು ಆ ಮಾತು ಕೇಳುತ್ತಿದ್ದ ಸುವರ್ಣಮ್ಮನಿಗೆ ಸಿಟ್ಟು ಕೂಡ ಬರಲಿಲ್ಲ. ಇಷ್ಟು ವರ್ಷ ಇವನೊಂದಿಗೆ ಗುದ್ದಾಡಿದೆನಲ್ಲ, ಸಿಟ್ಟು ಮಾಡಿಕೊಳ್ಳುವುದಕ್ಕೂ ಇವನಲ್ಲಿ ಏನೂ ಇಲ್ಲವಲ್ಲ ಎನಿಸಿತು.

ಅವಳು ಮಿಲ್ಲಿನ ಮನೆಗೆ ತಿರುಗಿ ಹೋಗಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ, ಕೋಟೆ ಕಡೆ ಹೊಳೆಯ ಗಾಳಿ ಬರುವಲ್ಲಿ ಒಂದು ಮನೆ ಹಿಡಿದು, ಇಬ್ಬರು ಮಕ್ಕಳೊಂದಿಗೆ ಒಲೆ ಹೂಡಿದಳು. ಮಿಲ್ಲಿನವರ ಸೊಸೆ ಬೇರೆಯಾದಳೆಂದು ಜನ ಆಡಿಕೊಂಡರು. ಆಡಿಕೊಳ್ಳುವವರ ಮುಂದೆಯೇ ಅವಳು ದಿನಾ ಮಗಳನ್ನು ಅಂಗಳದಲ್ಲಿ ಕೂರಿಸಿ ಪಂಪು ಎಳೆಸುತ್ತಿದ್ದಳು.

ತಿಂಗಳೊಪ್ಪತ್ತು ಬಿಗುಮಾನದಲ್ಲಿದ್ದ ಜಡೆಪ್ಪ ಒಂದು ಮಧ್ಯಾಹ್ನ ಊಟಕ್ಕೆ ಬಂದ. ಮೈಮೇಲೆ ಅದೇ ಮಿಲ್ಲಿನ ಅಂಗಿ. ವಿರುಪಮ್ಮ ಓಣಿಯ ತುದಿಯಿಂದ ಗೆಳತಿಯರನ್ನು ಹಿಂದೆ ಹಾಕಿ ಓಡಿ ಬಂದು, ಅವನಿಗಿಂತ ಮುಂಚೆ ಹೊಸ್ತಿಲು ಮುಟ್ಟಿದಳು. ಅವಳು ಏದುತ್ತಿರಲಿಲ್ಲ. ಮಗಳನ್ನು ಎತ್ತಿಕೊಳ್ಳಲು ಅವನು ಎರಡೂ ಕೈ ಚಾಚಿದ. ಅವಳು ಹಿಂದೆ ಸರಿದು, ಲಂಗದ ಅಂಚನ್ನು ಮೂಗಿಗೆ ಅಡ್ಡ ಹಿಡಿದು, ಬಾಗಿಲನ್ನು ಅರ್ಧ ಎಳೆದುಕೊಂಡಳು.

“ಮೈ ತೊಳಕಂಡು ಬಾ ಅಪ್ಪಾ,” ಎಂದಳು. “ನಿನ್ನ ವಾಸನಿಗೆ ನಂಗ ಉಸಿರು ಕಟ್ಟತೈತಿ.”

ಜಡೆಪ್ಪ ಒಳಗಿದ್ದ ಹೆಂಡತಿಯ ಕಡೆ ನೋಡಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಅವನು ಕೈಗಳನ್ನು ಇಳಿಸಿ ಹಿತ್ತಲಿನ ಬಚ್ಚಲ ಕಡೆ ನಡೆದ.